ಮನೆಯಿಂದ ಕೆಲಸ ಮಾಡುವವರ ಆರೋಗ್ಯ: ಹನ್ನೊಂದು ಜನರ ತಂಡಕ್ಕೆ ಏನು ಮಾಡಬಹುದು?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದು ಜನರ ಸಾಫ್ಟ್‌ವೇರ್ ತಂಡವೊಂದರ ಲೀಡ್. ಅಮೆರಿಕದ ಪೂರ್ವ ಕರಾವಳಿಯ ಗ್ರಾಹಕರೊಬ್ಬರ ತಂತ್ರಾಂಶದ ಪರೀಕ್ಷೆ ಮತ್ತು ನಿರ್ವಹಣೆ ನಮ್ಮ ಕೆಲಸ. 2020ರ ಮಾರ್ಚ್‌ವರೆಗೆ ನಾವೆಲ್ಲ ಬೆಂಗಳೂರಿನ ಒಂದೇ ಮಹಡಿಯಲ್ಲಿ ಕೂರುತ್ತಿದ್ದೆವು. ಲಾಕ್‌ಡೌನ್‌ನಲ್ಲಿ ಊರು ಸೇರಿದವರಲ್ಲಿ ಹೆಚ್ಚಿನವರು ಮರಳಲಿಲ್ಲ. ಸಂಸ್ಥೆಯೂ ಆ ಮಹಡಿಯ ಬಾಡಿಗೆ ದಂಡವೆಂದು ಅದನ್ನು ಬಿಟ್ಟುಕೊಟ್ಟಿತು. ಈಗ ತಂಡದವರು ಶಿವಮೊಗ್ಗ, ದಾವಣಗೆರೆ, ಹಾಸನ, ಪುತ್ತೂರು, ಬೆಂಗಳೂರು ಎಂದು ಹಂಚಿಹೋಗಿದ್ದಾರೆ.

ಕಳೆದ ಒಂದು ವರ್ಷದಲ್ಲಿ ಒಬ್ಬರಿಗೆ ಕುತ್ತಿಗೆ ನೋವು ಶುರುವಾಗಿ ಕೈಬೆರಳು ಜೋಮು ಹಿಡಿಯುವವರೆಗೆ ಬಂದಿದೆ, ಇನ್ನೊಬ್ಬರಿಗೆ ನಿದ್ದೆಯಿಲ್ಲ. ಮತ್ತೊಬ್ಬರು ಕಾರಣ ಹೇಳದೆ ರಾಜೀನಾಮೆ ಕೊಟ್ಟರು. ಕೊನೆಯ ದಿನದ ಮಾತುಕತೆಯಲ್ಲಿ, ಕೆಲಸದ ವಿಷಯ ಬಿಟ್ಟು ಬೇರೇನನ್ನೂ ಯಾರೊಂದಿಗೂ ಆಡದೆ ವಾರಗಳು ಕಳೆದಿದ್ದವು ಎಂದು ಅವರು ಹೇಳಿದಾಗ, ಆ ವಾರಗಳಲ್ಲಿ ನಾನು ದಿನಕ್ಕೆರಡು ಬಾರಿ ಅವರ ಜೊತೆ ಕಾಲ್‌ನಲ್ಲಿದ್ದೆ ಎಂಬುದು ನೆನಪಾಗಿ ನಾಚಿಕೆಯಾಯಿತು. ಸಂಸ್ಥೆಯವರು ಧ್ಯಾನದ ಆ್ಯಪ್ ಒಂದನ್ನು ಕೊಟ್ಟಿದ್ದಾರೆ, ಶುಕ್ರವಾರ ಸಂಜೆ ಆನ್‌ಲೈನ್ ಯೋಗವನ್ನೂ ಇಟ್ಟಿದ್ದಾರೆ. ಗ್ರಾಹಕರ ವಾರದ ವರದಿ ಸಿದ್ಧವಾಗಬೇಕಾದ ಹೊತ್ತೂ ಅದೇ ಆದ್ದರಿಂದ ನಮ್ಮ ತಂಡದಿಂದ ಈವರೆಗೆ ಯಾರೂ ಯೋಗಕ್ಕೆ ಹೋಗಿಲ್ಲ.

ಈಗ ತಲಾ ₹8,000ದಂತೆ ವರ್ಷಕ್ಕೆ ₹88,000 ಕೊಡುತ್ತೇವೆ, ನೀವೇ ಒಂದು ಯೋಜನೆ ಮಾಡಿ ಎಂದಿದ್ದಾರೆ. ಇದನ್ನು ಯಾವುದಕ್ಕೆ ಖರ್ಚು ಮಾಡಬೇಕು, ಹಣವಿಲ್ಲದೆ ಬದಲಿಸಬಹುದಾದದ್ದು ಏನು ಎಂಬುದನ್ನು ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಬೆನ್ನುಹುರಿ (ಮೈಸೂರು)

ನಾನು ಫಿಸಿಯೋಥೆರಪಿಸ್ಟ್. ಮೊದಲು ಆ ಜೋಮಿನ ಬಗ್ಗೆ ಹೇಳುತ್ತೇನೆ. ಬೆರಳುಗಳಲ್ಲಿ ಜೋಮು ಬಂದುಹೋಗುತ್ತಿದ್ದರೆ, ಅದರಲ್ಲೂ ಹಿಡಿತ ಸಡಿಲವಾಗಿ ಲೋಟ ಕೈಯಿಂದ ಜಾರುವಂತಾಗಿದ್ದರೆ, ಅದು ಕುರ್ಚಿ ಬದಲಿಸಿ ಕಾದು ನೋಡುವ ವಿಷಯವಲ್ಲ. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆಯೋ ಮಣಿಕಟ್ಟಿನಲ್ಲಿ ಒತ್ತಿಕೊಂಡಿದೆಯೋ ಎಂಬುದನ್ನು ವೈದ್ಯರು ಪರೀಕ್ಷಿಸಿಯೇ ಹೇಳಬೇಕು. ಈ ವಾರವೇ ಕಳುಹಿಸಿಕೊಡಿ.

ಇನ್ನು ಉಳಿದವರ ಮಾತು. ಲ್ಯಾಪ್‌ಟಾಪ್ ಎಂಬುದು ಮೂಲತಃ ಹೊತ್ತೊಯ್ಯಲು ಮಾಡಿದ ವಸ್ತು. ಅದರಲ್ಲಿ ಪರದೆ ಮತ್ತು ಕೀಬೋರ್ಡ್ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಪರದೆಯನ್ನು ಕಣ್ಣಿನ ಮಟ್ಟಕ್ಕೆ ತಂದರೆ ಭುಜ ಎತ್ತಬೇಕಾಗುತ್ತದೆ, ಕೈಯನ್ನು ಸರಿಯಾದ ಎತ್ತರದಲ್ಲಿ ಇಟ್ಟರೆ ಕುತ್ತಿಗೆ ಬಗ್ಗಬೇಕಾಗುತ್ತದೆ. ಒಂದು ಗಂಟೆಗೆ ಇದು ದೊಡ್ಡದಲ್ಲ, ಆರು ವರ್ಷಕ್ಕೆ ದೊಡ್ಡದು. ಆದ್ದರಿಂದ ಹದಿನೈದು ಸಾವಿರದ ಕುರ್ಚಿಗಿಂತ ಮೊದಲು ಒಂದು ಸ್ಟ್ಯಾಂಡ್, ಬೇರೆ ಕೀಬೋರ್ಡ್ ಮತ್ತು ಮೌಸ್ ಕೊಡಿಸಿ. ಮೂರೂ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ, ಮೊಣಕೈ ಹೆಚ್ಚುಕಡಿಮೆ ಲಂಬಕೋನದಲ್ಲಿರಲಿ, ಪಾದ ನೆಲಕ್ಕೆ ಊರಿರಲಿ. ಊಟದ ಮೇಜಿನ ಕುರ್ಚಿಯಲ್ಲಿ ಕೂತವರ, ಮುಖ್ಯವಾಗಿ ಎತ್ತರ ಕಡಿಮೆಯಿರುವ ಹೆಣ್ಣುಮಕ್ಕಳ, ಪಾದ ನೆಲ ಮುಟ್ಟುವುದಿಲ್ಲ. ಅಂಥವರು ಕಾಲ ಕೆಳಗೆ ಒಂದು ಮಣೆ ಹಾಕಿಕೊಂಡರೆ ಸೊಂಟದ ಭಾರ ಇಳಿಯುತ್ತದೆ.

ನೆಲದ ಮೇಲೆ ಕೂತು ಕೆಲಸ ಮಾಡುವುದೇ ತಪ್ಪು ಎಂದು ಕೆಲವರು ಹೆದರಿಸುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಹಿಂದೆ ವ್ಯಾಪಾರದ ಮಂಡಿಗಳಲ್ಲಿ ಲೆಕ್ಕ ಬರೆಯುವವರು ಗಾದಿಯ ಮೇಲೆ ಕೂತು ಇಳಿಜಾರಿನ ಡೆಸ್ಕಿನಲ್ಲಿ ಬರೆಯುತ್ತಿದ್ದರು, ಓದುವವರು ಪುಸ್ತಕವನ್ನು ವ್ಯಾಸಪೀಠದ ಮೇಲೆ ಏರಿಸಿ ಇಟ್ಟುಕೊಳ್ಳುತ್ತಿದ್ದರು. ನೋಡುವ ವಸ್ತುವನ್ನು ಕಣ್ಣಿನ ಕಡೆಗೆ ತರಬೇಕು ಎಂಬ ತಿಳಿವಳಿಕೆ ಅಲ್ಲಿತ್ತು. ನಾನು ನೋಡುವ ರೋಗಿಗಳಲ್ಲಿ ಹೆಚ್ಚಿನವರು ಕೆಡಿಸಿಕೊಳ್ಳುವುದು ಮಂಚದ ಮೇಲೆ ಗೋಡೆಗೊರಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಎಲ್ಲಿ ಕೂತರೂ ಅರ್ಧ ಗಂಟೆಗೊಮ್ಮೆ ಏಳಬೇಕು. ಕಣ್ಣಿಗಾದರೆ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಒಳ್ಳೆಯದು, ಏಕೆಂದರೆ ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆ. ಆದರೆ ಒಂದರ ಹಿಂದೆ ಒಂದು ಮೂರು ಮೀಟಿಂಗ್ ಇಟ್ಟು ನಡುವೆ ಏಳಿ ಎಂದು ಉಪದೇಶ ಮಾಡಿದರೆ ಯಾರೂ ಏಳಲಾರರು. ಮೀಟಿಂಗ್‌ಗಳ ನಡುವೆ ಬಿಡುವು ಇಡುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಬಿಸಿಲೂರು (ಕಲಬುರಗಿ)

ಕುರ್ಚಿಯ ಮಾತು ಸರಿಯೇ ಇದೆ, ಆದರೆ ನನ್ನಂತಹ ಸಪೋರ್ಟ್ ಇಂಜಿನಿಯರನಿಗೆ ಅದು ಎರಡನೆಯ ಸಾಲಿನ ವಿಷಯ. ನನ್ನ ದೊಡ್ಡ ತೊಂದರೆ ಗಡಿಯಾರ.

ಅಮೆರಿಕದ ಪೂರ್ವ ಕರಾವಳಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ. ಅವರ ಬೆಳಗಿನ ಹನ್ನೊಂದರ ಮೀಟಿಂಗ್ ನಮಗೆ ರಾತ್ರಿ ಎಂಟೂವರೆಗೆ ಬರುತ್ತದೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಮರುದಿನದಿಂದ ಅದೇ ಮೀಟಿಂಗ್ ಒಂಬತ್ತೂವರೆಗೆ ಹೋಗುತ್ತದೆ. ಅವರಿಗೆ ಏನೂ ಬದಲಾಗಿರುವುದಿಲ್ಲ, ನಮ್ಮಲ್ಲಿ ಊಟ, ಮಗುವಿನ ನಿದ್ದೆ ಎಲ್ಲವೂ ಒಂದು ಗಂಟೆ ಸರಿದಿರುತ್ತವೆ. ನಾನು ಈ ಕೆಲಸದಲ್ಲಿ ಎರಡು ವರ್ಷ ವಾರಕ್ಕೊಮ್ಮೆ ಬದಲಾಗುವ ಪಾಳಿಯಲ್ಲಿದ್ದೆ. ದೇಹ ಒಂದು ಹೊತ್ತಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಪಾಳಿ ಬದಲಾಗುತ್ತಿತ್ತು. ಕೊನೆಗೆ ಮ್ಯಾನೇಜರ್ ಒಬ್ಬರು ಬಂದು ತಿಂಗಳಿಗೊಂದೇ ಪಾಳಿ ಎಂದು ಮಾಡಿದರು, ಮುಂದಿನ ತಿಂಗಳ ಪಟ್ಟಿಯನ್ನು ಹದಿನೈದು ದಿನ ಮೊದಲೇ ಕೊಟ್ಟರು. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ರಾತ್ರಿ ಪಾಳಿಯವನು ಆಫೀಸಿಗೆ ಹೋಗಿ ಬಂದರೆ ಅವನು ದುಡಿದು ಬಂದಿದ್ದಾನೆ ಎಂಬುದು ಮನೆಯವರ ಕಣ್ಣಿಗೆ ಕಾಣುತ್ತದೆ. ಮನೆಯಲ್ಲೇ ಕೂತು ರಾತ್ರಿ ಕೆಲಸ ಮಾಡಿದವನು ಬೆಳಿಗ್ಗೆ ಹತ್ತಕ್ಕೆ ಮಲಗಿದರೆ, ಸಿಲಿಂಡರ್ ತೆಗೆದುಕೊಳ್ಳುವುದಕ್ಕೂ ಬ್ಯಾಂಕಿಗೆ ಹೋಗುವುದಕ್ಕೂ ಅವನನ್ನೇ ಎಬ್ಬಿಸುತ್ತಾರೆ. ಅವರ ತಪ್ಪು ಎನ್ನಲಾರೆ. ಇನ್ನು ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟಿದ ಹಗಲಿನಲ್ಲಿ ಕರೆಂಟ್ ಹೋದರೆ ಮಲಗುವುದು ಹೇಗೆ? ಧ್ಯಾನದ ಆ್ಯಪ್ ಬದಲು ಇನ್ವರ್ಟರ್‌ಗೆ ಅರ್ಧ ಹಣ ಕೊಟ್ಟಿದ್ದರೆ ನನ್ನ ಮನಸ್ಸಿಗೆ ಹೆಚ್ಚು ಶಾಂತಿ ಸಿಗುತ್ತಿತ್ತು.

ಡೆಲಿವರಿ ಮ್ಯಾನೇಜರ್ (ಬೆಂಗಳೂರು)

ಬೇಸರ ಮಾಡಿಕೊಳ್ಳಬೇಡಿ, ಇನ್ನೊಂದು ಮಗ್ಗುಲನ್ನೂ ಹೇಳಬೇಕಾಗಿದೆ. ಗ್ರಾಹಕರು ಸಮಯ ನಿಗದಿ ಮಾಡುತ್ತಾರೆ, ನಾವು ಒಪ್ಪದಿದ್ದರೆ ಒಪ್ಪುವವರು ಪಕ್ಕದ ರಸ್ತೆಯಲ್ಲೇ ಇದ್ದಾರೆ. ಮನೆಯಿಂದ ಕೆಲಸ ಮಾಡುವವರಲ್ಲಿ ಕೆಲವರು ಹಗಲೆಲ್ಲ ಸ್ವಂತ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮೇಲ್ ಕಳುಹಿಸಿ, ತಡರಾತ್ರಿವರೆಗೆ ದುಡಿದೆ ಎನ್ನುವುದನ್ನು ನಾನೇ ನೋಡಿದ್ದೇನೆ. ಪರದೆಯ ಚಿತ್ರ ತೆಗೆಯುವ ತಂತ್ರಾಂಶವನ್ನು ಕೆಲವು ಸಂಸ್ಥೆಗಳು ಹಾಕಿದ್ದು ಸುಮ್ಮನೆ ಅಲ್ಲ.

ಕಡತಗಾರ (ಹುಬ್ಬಳ್ಳಿ)

ಡೆಲಿವರಿ ಮ್ಯಾನೇಜರ್ ಅವರೇ, ಯಾರೋ ಇಬ್ಬರು ಕಳ್ಳಾಟ ಆಡಿದರೆಂದು ಎಲ್ಲರ ಪರದೆಗೂ ಕಾವಲು ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನಾನು ಹದಿನಾಲ್ಕು ವರ್ಷ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ. ಕಾವಲು ಹಾಕಿದ ತಂಡಗಳಲ್ಲಿ ನಾನು ಕಂಡದ್ದು ಕೆಲಸ ಹೆಚ್ಚಿದ್ದನ್ನಲ್ಲ, ಊಟಕ್ಕೆ ಎದ್ದರೂ ಮೌಸ್ ಅಲ್ಲಾಡಿಸಿ ಬರುವವರನ್ನು.

ಕೆಲಸದ ಅವಧಿಯ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದನ್ನು ನೆನಪಿಸುತ್ತೇನೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಾಕಿ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ವೇತನ ಕೊಡಬೇಕೆಂದು ವಿಧಿಸಿತು. 2024ರಲ್ಲಿ ಐಟಿ ವಲಯದ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಬಂದಾಗ ಉದ್ಯೋಗಿಗಳ ಸಂಘ ಬೀದಿಗಿಳಿದದ್ದು ನೆನಪಿರಬಹುದು. ಉದ್ಯೋಗಿ ಮನೆಯಲ್ಲಿ ಕೂತ ಮಾತ್ರಕ್ಕೆ ಈ ಮಿತಿಗಳು ಆವಿಯಾಗುತ್ತವೆ ಎಂದು ನಾನು ಒಪ್ಪುವುದಿಲ್ಲ. ನೇಮಕಾತಿ ಪತ್ರ ಕೊಟ್ಟದ್ದು ಸಂಸ್ಥೆಯೇ ಹೊರತು ಅವರ ಮನೆಯಲ್ಲ. ಈ ಮಿತಿ ಕೇವಲ ಕಾಗದದ ಮಾತೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಮತ್ತು ಹೃದಯಕ್ಕೆ ರಕ್ತ ಪೂರೈಕೆ ಕುಂದುವ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು.

ತುಂಗಾತೀರ ಅವರಿಗೆ ಒಂದು ಸಲಹೆ. ಯೋಜನೆ ಬರೆಯುವ ಮೊದಲು ಒಂದು ತಿಂಗಳು ತಂಡದ ಕ್ಯಾಲೆಂಡರ್ ತೆರೆದು, ಪ್ರತಿಯೊಬ್ಬರ ಮೊದಲ ಮೀಟಿಂಗ್‌ನಿಂದ ಕೊನೆಯ ಮೀಟಿಂಗ್‌ವರೆಗಿನ ಅವಧಿಯನ್ನು ಲೆಕ್ಕ ಹಾಕಿ. ಒಟ್ಟು ದುಡಿಮೆ ಎಂಟು ಗಂಟೆಯೇ ಇದ್ದರೂ ಅದು ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತರವರೆಗೆ ಚದುರಿಕೊಂಡಿರುವುದು ಕಾಣುತ್ತದೆ. ಜೊತೆಗೆ, ಸಂಸ್ಥೆಯ ಗುಂಪು ವಿಮೆಯ ಕಾಗದವನ್ನೂ ತೆರೆದು ನೋಡಿ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ, ಆದರೆ ಇದು ತಮಗೆ ಲಭ್ಯ ಎಂಬುದೇ ಉದ್ಯೋಗಿಗಳಿಗೆ ಗೊತ್ತಿರುವುದಿಲ್ಲ.

ಎರಡು ಮಕ್ಕಳ ತಾಯಿ (ದಾವಣಗೆರೆ)

ಕಡತಗಾರರು ಹೇಳಿದ ಚದುರಿದ ದಿನವೇ ನನ್ನ ದಿನ. ಎರಡನೆಯ ಹೆರಿಗೆಯ 26 ವಾರಗಳ ರಜೆ ಮುಗಿದ ಮೇಲೆ ಮನೆಯಿಂದಲೇ ಕೆಲಸ ಮುಂದುವರಿಸಿದೆ; ಉದ್ಯೋಗದಾತರೊಂದಿಗೆ ಮಾತಾಡಿಕೊಂಡು ಹೀಗೆ ಮಾಡಬಹುದೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯಲ್ಲೇ ಇತ್ತು. ಇದು ಇಲ್ಲದಿದ್ದರೆ ನಾನು ಕೆಲಸ ಬಿಡುತ್ತಿದ್ದೆ, ಆದ್ದರಿಂದ ಮನೆಯಿಂದ ಕೆಲಸವನ್ನು ದೂರುವ ಗುಂಪಿಗೆ ನಾನು ಸೇರುವುದಿಲ್ಲ.

ಆದರೆ ಒಂದು ವಿಷಯವನ್ನು ಯಾರೂ ಎತ್ತಲಿಲ್ಲ. ಮನೆಯಿಂದ ಕೆಲಸ ಶುರುವಾದ ಮೇಲೆ ಕಾಯಿಲೆ ರಜೆ ಎಂಬುದೇ ಸದ್ದಿಲ್ಲದೆ ಮಾಯವಾಯಿತು. ಆಫೀಸಿದ್ದಾಗ ಜ್ವರ ಬಂದರೆ ಬಸ್ಸು ಹತ್ತಲಾಗದು ಎಂಬ ಕಾರಣವಿತ್ತು. ಈಗ ಆ ಕಾರಣವಿಲ್ಲ. ಕಳೆದ ವರ್ಷ ಡೆಂಗಿ ಜ್ವರದಲ್ಲಿ ಮಲಗಿದ್ದಾಗ, 'ರೆಸ್ಟ್ ತಗೊಳ್ಳಿ, ಆದರೆ ಆ ಒಂದು ಫೈಲ್ ಮಾತ್ರ ನೋಡಿಬಿಡಿ' ಎಂದು ನನ್ನ ಆಗಿನ ಮ್ಯಾನೇಜರ್ ಬಹಳ ಮೃದುವಾಗಿಯೇ ಕೇಳಿದರು. ನಾನು ಡ್ರಿಪ್ ಹಾಕಿಸಿಕೊಂಡು ಬಂದು ಆ ಫೈಲ್ ನೋಡಿದೆ. ಅವರು ಗದರಿಸಿದ್ದರೆ ಬಹುಶಃ ಇಲ್ಲ ಎನ್ನುತ್ತಿದ್ದೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಾಗಲೂ ನನ್ನ ಸಹೋದ್ಯೋಗಿಯೊಬ್ಬರು, ಮನೆಯಲ್ಲೇ ಇರುವವರಿಗೆ ಇದು ಏಕೆ ಎಂದು ತಂಡದ ಗುಂಪಿನಲ್ಲಿ ಕೇಳಿದ್ದರು. ಹೊಟ್ಟೆನೋವು ವಿಳಾಸ ನೋಡಿ ಬರುವುದಿಲ್ಲ ಎಂದು ಉತ್ತರ ಬರೆದು, ಕಳುಹಿಸದೆ ಅಳಿಸಿದೆ.

ಕ್ಯಾಮೆರಾ ಕಡ್ಡಾಯ ಎಂಬ ನಿಯಮವಿದ್ದರೆ ಅದನ್ನೂ ತೆಗೆದುಹಾಕಿ. ನಮ್ಮದು ಎರಡು ಕೋಣೆಯ ಮನೆ. ನಾನು ಕ್ಯಾಮೆರಾ ಹಾಕಿದರೆ ನಡುಮನೆಯಲ್ಲಿರುವ ಅತ್ತೆ ಟಿವಿ ಆರಿಸಿ, ಸದ್ದು ಮಾಡದೆ ಅಡುಗೆಮನೆಯಲ್ಲಿ ನಿಂತಿರುತ್ತಾರೆ.

ನೆಕ್ಕಾರ್ ನದಿ (ಸ್ಟುಟ್‌ಗಾರ್ಟ್)

ಹಾಸನದವನು, ಒಂಬತ್ತು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಇಲ್ಲಿನ ಕೆಲಸದ ಅವಧಿಯ ಕಾಯ್ದೆಯಲ್ಲಿ ನನಗೆ ಬಹಳ ಉಪಯುಕ್ತವೆನಿಸಿದ್ದು ಒಂದೇ ಸಾಲು: ಇಂದಿನ ಕೆಲಸ ಮುಗಿದ ಹೊತ್ತಿನಿಂದ ನಾಳಿನ ಕೆಲಸ ಶುರುವಾಗುವವರೆಗೆ ಸಾಮಾನ್ಯವಾಗಿ ಎಡೆಬಿಡದೆ 11 ಗಂಟೆ ವಿಶ್ರಾಂತಿ ಇರಬೇಕು. ರಾತ್ರಿ ಹತ್ತರವರೆಗೆ ಕಾಲ್‌ನಲ್ಲಿದ್ದವರನ್ನು ಮರುದಿನ ಬೆಳಿಗ್ಗೆ ಒಂಬತ್ತಕ್ಕಿಂತ ಮೊದಲು ಕರೆಯುವಂತಿಲ್ಲ. ಎಂಟು ಗಂಟೆ, ಒಂಬತ್ತು ಗಂಟೆ ಎಂದು ದುಡಿಮೆಯನ್ನು ಎಣಿಸುವುದಕ್ಕಿಂತ ವಿಶ್ರಾಂತಿಯನ್ನು ಎಣಿಸುವುದು ಚದುರಿದ ದಿನಕ್ಕೆ ಹೆಚ್ಚು ಹೊಂದುತ್ತದೆ. ಕಾನೂನಿಲ್ಲದಿದ್ದರೂ ತಂಡವೊಂದು ತಾನೇ ಈ ನಿಯಮ ಹಾಕಿಕೊಳ್ಳಬಹುದು.

ಇಲ್ಲೇ ಎಲ್ಲವೂ ಚೆನ್ನಾಗಿದೆ ಎಂದು ಹೇಳುತ್ತಿಲ್ಲ. ಒಪ್ಪಂದ ಮಾಡಿಕೊಂಡು ಮನೆಯಲ್ಲಿ ಖಾಯಂ ಕೆಲಸದ ಜಾಗ ಮಾಡಿಸಿದರೆ ಮೇಜು, ಕುರ್ಚಿ, ಉಪಕರಣಗಳನ್ನು ಉದ್ಯೋಗದಾತರೇ ಕೊಡಬೇಕು. ಆದ್ದರಿಂದಲೇ ಅನೇಕರು ಅದನ್ನು 'ಎಲ್ಲಿಂದಾದರೂ ಕೆಲಸ' ಎಂದು ಕರೆದು ಆ ಹೊಣೆಯಿಂದ ಜಾರಿಕೊಳ್ಳುತ್ತಾರೆ.

ಒಂಟಿ ಕೋಣೆ (ಬೆಂಗಳೂರು)

ರಾಜೀನಾಮೆ ಕೊಟ್ಟ ಆ ಸಹೋದ್ಯೋಗಿಯ ಮಾತು ಓದಿ, ಇದುವರೆಗೆ ಓದುಗನಾಗಿಯೇ ಇದ್ದವನು ಬರೆಯಲು ಕೂತೆ. ನಾನು ಪಿಜಿಯಲ್ಲಿರುವವನು. ಹೊರಗೆ ಹೋಗಬಾರದೆಂದೇನೂ ಇಲ್ಲ, ಈ ಊರಿನಲ್ಲಿ ಜನರಿಗೂ ಕೊರತೆಯಿಲ್ಲ. ಆದರೆ ಹತ್ತು ಗಂಟೆ ಪರದೆಯ ಮುಂದಿದ್ದು ಎದ್ದಾಗ ಯಾರನ್ನಾದರೂ ಭೇಟಿಯಾಗುವ ಚೈತನ್ಯ ಉಳಿದಿರುವುದಿಲ್ಲ, ಭೇಟಿಯಾಗದ ಕಾರಣಕ್ಕೆ ಮರುದಿನ ಚೈತನ್ಯ ಇನ್ನಷ್ಟು ಕಡಿಮೆಯಾಗಿರುತ್ತದೆ. ಹೀಗೆ ಎಂಟು ತಿಂಗಳು ಹೋಯಿತು. ತೂಕ ಇಳಿದದ್ದನ್ನು ಮೊದಲು ಗಮನಿಸಿದ್ದು ಇಸ್ತ್ರಿ ಅಂಗಡಿಯವರು.

ಒಂದು ರಾತ್ರಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದೆ. 2022ರಲ್ಲಿ ಶುರುವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಕರೆ ಉಚಿತ, ಹಗಲುರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಂದ ಮುಂದೆ ವೈದ್ಯರ ಬಳಿ ಹೋದೆ, ಈಗ ಸುಧಾರಿಸಿದ್ದೇನೆ. ಸಂಸ್ಥೆಯ ಆಪ್ತ ಸಲಹೆಯ ಸೌಲಭ್ಯ ಇತ್ತಾದರೂ ಅದಕ್ಕೆ ಕಚೇರಿಯ ಮಿಂಚಂಚೆಯಿಂದಲೇ ಲಾಗಿನ್ ಆಗಬೇಕಿತ್ತು. ವಿಷಯ ಯಾರಿಗೆ ಮುಟ್ಟುತ್ತದೋ ಎಂಬ ಹೆದರಿಕೆಯಿಂದ ನಾನು ಅದನ್ನು ತೆರೆಯಲೇ ಇಲ್ಲ. ಲೀಡ್ ಆದವರು ವೈದ್ಯರಾಗಬೇಕಿಲ್ಲ. ವಾರಕ್ಕೊಮ್ಮೆ ಹದಿನೈದು ನಿಮಿಷ, ಟಿಕೆಟ್‌ಗಳ (ಬಾಕಿ ಕೆಲಸಗಳ) ಪಟ್ಟಿ ತೆರೆಯದೆ, ಕ್ಯಾಮೆರಾ ಇಲ್ಲದೆ, ಇಬ್ಬರೂ ಹೊರಗೆ ನಡೆಯುತ್ತಾ ಫೋನಿನಲ್ಲಿ ಮಾತಾಡಿದರೆ ಸಾಕು. ನನ್ನ ಈಗಿನ ಲೀಡ್ ಹಾಗೆ ಮಾಡುತ್ತಾರೆ. ಹೆಚ್ಚಾಗಿ ನಾವು ಮಾತಾಡುವುದು ಅವರ ಮನೆಯ ನಾಯಿಯ ಬಗ್ಗೆ.

ಕುಮಾರಧಾರಾ (ಪುತ್ತೂರು ತಾಲ್ಲೂಕು)

ಮಳೆಗಾಲದ ಮಾತೊಂದನ್ನು ಸೇರಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಗೆ ಮರ ಬಿದ್ದು ಲೈನ್ ತುಂಡಾದರೆ ಕರೆಂಟ್ ಬರಲು ಕೆಲವೊಮ್ಮೆ ಎರಡು ದಿನ ಬೇಕು, ಅಷ್ಟರಲ್ಲಿ ಟವರಿನ ಬ್ಯಾಟರಿಯೂ ಮುಗಿದಿರುತ್ತದೆ. ಕೆಲಸ ನಿಂತದ್ದಕ್ಕಿಂತ ಹೆಚ್ಚು ಹಿಂಸೆಯಾಗುವುದು, ಇದನ್ನು ನಂಬುತ್ತಾರೋ ಇಲ್ಲವೋ ಎಂಬ ಚಿಂತೆ. ಮಳೆಯಲ್ಲಿ ಸ್ಕೂಟರ್ ಹತ್ತಿ, ಸಿಗ್ನಲ್ ಸಿಗುವ ಗುಡ್ಡದ ತಿರುವಿನಲ್ಲಿ ಕೊಡೆ ಹಿಡಿದು ನಿಂತು ಸ್ಟ್ಯಾಂಡ್‌ಅಪ್ ಎಂಬ ದಿನದ ಚಿಕ್ಕ ಮೀಟಿಂಗ್‌ಗೆ ಹಾಜರಾದದ್ದುಂಟು (ಹೆಸರಿಗೆ ತಕ್ಕಂತೆ ನಿಂತೇ ಇದ್ದೆ). ಕರೆಂಟ್ ಹೋದ ದಿನವನ್ನು ಉದ್ಯೋಗಿಯ ಸ್ವಂತ ರಜೆಯಿಂದ ಕಡಿಯುವುದಿಲ್ಲ ಎಂಬ ಒಂದು ಸಾಲನ್ನು ನಿಮ್ಮ ಯೋಜನೆಯಲ್ಲಿ ಬರೆಯಿಸಿ, ಮೇಡಂ.

ತುಂಗಾತೀರ (ಶಿವಮೊಗ್ಗ), ಎರಡು ತಿಂಗಳ ನಂತರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆ. ನಡೆದದ್ದನ್ನು ವರದಿ ಮಾಡುತ್ತಿದ್ದೇನೆ.

ಸ್ಟ್ಯಾಂಡ್, ಕೀಬೋರ್ಡ್, ಮೌಸ್‌ಗಳಿಗೆ ಹನ್ನೊಂದು ಜನರಿಗೂ ಸೇರಿ ₹27,500 ಆಯಿತು. ಇಬ್ಬರ ಇನ್ವರ್ಟರ್‌ಗೆ ತಲಾ ₹12,000 ಕೊಟ್ಟೆವು. ಉಳಿದ ₹36,500ರಲ್ಲಿ ಎಲ್ಲರೂ ಎರಡು ದಿನ ಶಿವಮೊಗ್ಗದಲ್ಲಿ ಸೇರಿದೆವು. ಮೂರು ವರ್ಷದಿಂದ ಜೊತೆಗಿರುವ ಇಬ್ಬರು ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಜೋಮಿನ ತೊಂದರೆಯವರಿಗೆ ಮಣಿಕಟ್ಟಿನ ನರ ಒತ್ತಿಕೊಂಡಿರುವುದು ಪತ್ತೆಯಾಗಿ ಚಿಕಿತ್ಸೆ ನಡೆಯುತ್ತಿದೆ.

ಕಡತಗಾರರು ಹೇಳಿದಂತೆ ಕ್ಯಾಲೆಂಡರ್ ಲೆಕ್ಕ ಹಾಕಿದಾಗ ಅತಿ ಉದ್ದದ ದಿನ ಹದಿಮೂರು ಗಂಟೆ ನಲವತ್ತು ನಿಮಿಷ ಇತ್ತು, ಅದು ನನ್ನದೇ. ಬೆಳಗಿನ ಮೀಟಿಂಗ್‌ಗಳನ್ನು ಇಟ್ಟವಳೂ ನಾನೇ. ಅವುಗಳಲ್ಲಿ ಎರಡನ್ನು ಕೈಬಿಟ್ಟು, ಯಾರೂ ಬೆಳಿಗ್ಗೆ ಹತ್ತಕ್ಕಿಂತ ಮೊದಲು ಉತ್ತರಿಸಬೇಕಿಲ್ಲ ಎಂದು ಮಾಡಿ, 11 ಗಂಟೆಯ ವಿಶ್ರಾಂತಿಯನ್ನು ತಂಡದ ನಿಯಮವಾಗಿ ಬರೆದೆವು. ಗ್ರಾಹಕರ ಕಾಲ್ ಅವರ ಬೆಳಗಿನ ಹನ್ನೊಂದಕ್ಕೆ ಇತ್ತು. ಎಂಟಕ್ಕೆ ಇಡಬಹುದೇ ಎಂದು ಬಹಳ ಅಳುಕುತ್ತಾ ಕೇಳಿದೆ. ತಮ್ಮವರೂ ಬೇಗ ಶುರುಮಾಡುವವರೇ ಎಂದು ಅವರು ಅದೇ ದಿನ ಒಪ್ಪಿದರು. ಈಗ ಅದು ನಮಗೆ ಸಂಜೆ ಐದೂವರೆಗೆ ಶುರುವಾಗುತ್ತದೆ. ಆರು ವರ್ಷದಲ್ಲಿ ಯಾರೂ ಕೇಳಿರಲೇ ಇಲ್ಲ. ಡೆಲಿವರಿ ಮ್ಯಾನೇಜರ್ ಅವರೇ, ಇದನ್ನು ನಿಮಗೆಂದೇ ವಿವರವಾಗಿ ಬರೆದಿದ್ದೇನೆ.

ಕೈಕೊಟ್ಟದ್ದೂ ಇದೆ. ಮೀಟಿಂಗ್ ಇಲ್ಲದ ಬುಧವಾರ ಮೂರೇ ವಾರ ಬದುಕಿತು. ಕಾಯಿಲೆ ರಜೆಗೆ ಒಂದು ಸಾಲಿನ ಸಂದೇಶ ಸಾಕು, ಆ ದಿನ ಅವರ ಲಾಗಿನ್ ಕಂಡರೆ ನಾನೇ ಕರೆ ಮಾಡಿ ಮಲಗಲು ಹೇಳುತ್ತೇನೆ ಎಂದಿದ್ದೆ. ನಾಲ್ವರಿಗೆ ಹಾಗೆ ಕರೆ ಮಾಡಬೇಕಾಯಿತು. ನಿದ್ದೆಯಿಲ್ಲದವರಿಗೆ ಇನ್ನೂ ನಿದ್ದೆ ಸರಿಹೋಗಿಲ್ಲ. ಕರೆಂಟ್ ಹೋದ ದಿನದ ನಿಯಮಕ್ಕೆ ಮೇಲಿನವರ ಸಹಿ ಬಂದಿಲ್ಲ, ಆದರೆ ಈ ಮಳೆಗಾಲದಲ್ಲಿ ನಾನು ಯಾರ ರಜೆಯನ್ನೂ ಕಡಿದಿಲ್ಲ.

ಬಿಸಿಲೂರು ಅವರೇ, ನವೆಂಬರ್‌ನಲ್ಲಿ ಅವರ ಗಡಿಯಾರ ಬದಲಾದಾಗ ನಮ್ಮ ಐದೂವರೆ ಆರೂವರೆಯಾಗುತ್ತದೆ. ಅದನ್ನು ಒಪ್ಪಿಕೊಳ್ಳುವುದೋ, ಮತ್ತೆ ಕೇಳುವುದೋ?

ಬಿಸಿಲೂರು (ಕಲಬುರಗಿ)

ಚಳಿಗಾಲದಲ್ಲಿ ಆರೂವರೆಯನ್ನು ಒಪ್ಪಿಕೊಳ್ಳಿ ಮೇಡಂ, ಬೆಳಗಿನ ಏಳಕ್ಕೆ ಬನ್ನಿ ಎಂದು ಅವರನ್ನು ಕೇಳುವುದು ಅತಿಯಾದೀತು. ಬದಲಿಗೆ ನಿಮ್ಮ ಹತ್ತು ಗಂಟೆಯನ್ನು ಹನ್ನೊಂದಕ್ಕೆ ಸರಿಸಿ, ತಂಡದವರಿಗೆ ಅಕ್ಟೋಬರ್‌ನಲ್ಲೇ ತಿಳಿಸಿಬಿಡಿ. ಆ ನಿದ್ದೆಯಿಲ್ಲದವರು ಯಾವ ಹೊತ್ತಿನ ಆನ್‌ಕಾಲ್‌ನಲ್ಲಿದ್ದಾರೆ ಎಂಬುದನ್ನೂ ಒಮ್ಮೆ ನೋಡಿ. ರಾತ್ರಿ ಫೋನ್ ಬರದಿದ್ದರೂ, ಬರಬಹುದು ಎಂದು ಕಾಯುತ್ತಾ ಮಲಗಿದವನಿಗೆ ನಿದ್ದೆ ಹತ್ತುವುದಿಲ್ಲ.